ಕಿವಿಗೊಟ್ಟು ಕೊಂಡ ಕೋಟು

ಲೋಕದ ಜನ ಕೋಟು ಕೊಳ್ಳುವಾಗ ಕಣ್ಣಿನಿಂದ ನೋಡುತ್ತಾರೆ, ಕೈಯಿಂದ ಮುಟ್ಟುತ್ತಾರೆ, ಕನ್ನಡಿಯ ಮುಂದೆ ನಿಂತು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ನಮ್ಮ ಅತ್ತಿಗೆ ಹಾಗಲ್ಲ. ಅವರು ಕೋಟನ್ನು ಕಿವಿಯಿಂದ ಕೇಳುತ್ತಾರೆ! ತೋಳನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಬಟ್ಟೆಗೆ ಬಟ್ಟೆ ಉಜ್ಜಿ, "ಊಹೂಂ, ಇದು ಮಾತಾಡುತ್ತೆ" ಎಂದು ವಾಪಸ್ ತೂಗುಹಾಕುತ್ತಾರೆ. ಇಂಥ ಅತ್ತಿಗೆ ಇನ್ನೊಬ್ಬರ ಮನೆಯಲ್ಲಿದ್ದರೆ ತೋರಿಸಿ, ನಾನು ಜಪಾನ್ ಬಿಟ್ಟೇ ಹೋಗುತ್ತೇನೆ.

ಇನ್ನೊಂದು ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಬೆಚ್ಚುವುದು ಬೇಡ. ಆ ಕೋಟು ಬೇಟೆಗೆ. ಅತ್ತಿಗೆ ಶುದ್ಧ ಸಸ್ಯಾಹಾರಿ. ಎಷ್ಟು ಶುದ್ಧ ಎಂದರೆ, ಕೇಕಿಗೆ ಮೊಟ್ಟೆ ಹಾಕಿದ್ದರೆ ಪಕ್ಕದ ಕೋಣೆಯಿಂದಲೇ ಮೂಸಿ ಹೇಳುತ್ತಾರೆ. ಹೆಸರು ಬರೆಯಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ಮೈಸೂರಿನ ನೆಂಟರ ಕಣ್ಣಿಗೆ ಇದು ಬಿದ್ದರೆ ಮುಂದಿನ ಮದುವೆಮನೆಯಲ್ಲಿ ಇವರ ಪಕ್ಕ ಯಾರು ಎಲೆ ಹಾಕಿಸಿಕೊಳ್ಳುತ್ತಾರೆ, ಹೇಳಿ!

ನಮ್ಮಣ್ಣ ಒಕಾಜಾಕಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ಇಲಿಗಳ ಮಿದುಳಿನೊಳಗೆ ಏನು ನಡೆಯುತ್ತದೆಂದು ಅವನಿಗೆ ಗೊತ್ತು, ಸ್ವಂತ ಮನೆಯೊಳಗೆ ಏನು ನಡೆಯುತ್ತದೆಂದು ಗೊತ್ತಿಲ್ಲ. ನಾನು ಟೋಕಿಯೋದ ಓಜಿಮಾದಲ್ಲಿರುವ ಸಾಫ್ಟ್‌ವೇರಿನವಳು, ರಜೆ ಸಿಕ್ಕರೆ ಶಿಂಕಾನ್ಸೆನ್ ರೈಲು ಹತ್ತಿ ಅಣ್ಣನ ಮನೆಗೆ ಓಡುತ್ತೇನೆ. ಅತ್ತಿಗೆ ಮೈಸೂರಿನಲ್ಲಿ ಸಂಗೀತದ ಪಾಠ ಹೇಳುತ್ತಿದ್ದವರು. ಒಕಾಜಾಕಿಯಲ್ಲಿ ಸರಳೆ, ಜಂಟಿ ಕಲಿಯಲು ಯಾರು ಬರುತ್ತಾರೆ? ತಾವೇ ಹಾಡಿಕೊಳ್ಳೋಣವೆಂದರೆ ಗೋಡೆ ತೆಳು. ಸ್ವಲ್ಪ ಮೇಲಿನ ಸ್ಥಾಯಿಗೆ ಹೋದರೆ ಸಾಕು, ಪಕ್ಕದ ಮನೆಯಾಕೆ ಬಿಸ್ಕತ್ತಿನ ಡಬ್ಬಿ ಹಿಡಿದು "ಸುಮಿಮಾಸೆನ್", ಕ್ಷಮಿಸಿ, ಎಂದು ಬಾಗಿಲಲ್ಲಿ ಬಗ್ಗಿ ನಿಲ್ಲುತ್ತಾಳೆ. ಈ ದೇಶದಲ್ಲಿ ದೂರನ್ನೂ ಉಡುಗೊರೆಯ ಜೊತೆಗೇ ಕೊಡುತ್ತಾರೆ!

ಪರೀಕ್ಷೆ ಮಾಡದೆ ಅತ್ತಿಗೆ ಏನನ್ನೂ ಒಪ್ಪಿಕೊಂಡವರಲ್ಲ. ಅಣ್ಣ ಹೆಣ್ಣು ನೋಡಲು ಹೋದಾಗ ಕುದಿಕುದಿಯುವ ಕಾಫಿಯನ್ನು ಲೋಟದ ತುಂಬ ತಂದುಕೊಟ್ಟರಂತೆ, ಆರಿಸಿಕೊಳ್ಳಲು ಬಟ್ಟಲು ಮಾತ್ರ ಕೊಡಲಿಲ್ಲ. ಹುಡುಗ ತುಟಿ ಸುಟ್ಟುಕೊಂಡು ಮುಖ ಸಿಂಡರಿಸುತ್ತಾನೋ, ಬಟ್ಟಲು ಕೊಡಿ ಎಂದು ಬಾಯಿಬಿಟ್ಟು ಕೇಳುತ್ತಾನೋ ನೋಡಬೇಕಿತ್ತು. ಅಣ್ಣ ಏನು ಮಾಡಿದ? ಲೋಟ ಪಕ್ಕಕ್ಕಿಟ್ಟು ಮರೆತೇಬಿಟ್ಟ. ಎದ್ದು ಹೊರಡುವಾಗ ಕೆನೆಗಟ್ಟಿದ ಕಾಫಿಯನ್ನು ಗಟಗಟನೆ ಕುಡಿದು "ಚೆನ್ನಾಗಿತ್ತು" ಎಂದ.

"ಇಂಥ ಉತ್ತರ ನನ್ನ ಲೆಕ್ಕದಲ್ಲೇ ಇರ್ಲಿಲ್ಲ ಕಣೇ. ಅದಕ್ಕೇ ಒಪ್ಕೊಂಡುಬಿಟ್ಟೆ" ಎಂದು ಅತ್ತಿಗೆ ಇವತ್ತಿಗೂ ಹೇಳುತ್ತಾರೆ.

ಹಾಡಲು ಬಿಡದ ಊರಿನಲ್ಲಿ ಅತ್ತಿಗೆ ತೋಟಕ್ಕೆ ಇಳಿದರು. ಒಕಾಜಾಕಿಯಿಂದ ಬಸ್ಸು ಬೆಟ್ಟದ ಕಡೆ ತಿರುಗಿ, ಇಳಿಯುವವರು ಯಾರೂ ಇಲ್ಲದ ನಿಲ್ದಾಣಗಳನ್ನೆಲ್ಲ ದಾಟಿ ಹೋದರೆ ಒಂದು ಸಣ್ಣ ಹಳ್ಳಿ. ಅಲ್ಲಿ ಮೊರಿ ಸಾನ್ ಎಂಬ ಅಜ್ಜಿಯ ಗದ್ದೆಯ ಪಕ್ಕದಲ್ಲಿ ಒಂದು ತುಂಡು ನೆಲ ಬಾಡಿಗೆಗೆ ಹಿಡಿದು ಬದನೆ, ಗೆಣಸು ಹಾಕಿದರು. ಮುಖ್ಯವಾಗಿ ಅವರೆ. ಜಪಾನಿನಲ್ಲಿ ಅವರೆ! ಸೊಗಡು ಬರುತ್ತದೋ ಇಲ್ಲವೋ ಎಂದು ದಿನಾ ಹೋಗಿ ಎಲೆ ಮೂಸುತ್ತಿದ್ದರು. ಅದೇ ಸಮಯಕ್ಕೆ ಅಮ್ಮ ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದಳು. ಬಂದವಳು ಫುಜಿ ಬೆಟ್ಟವನ್ನು ರೈಲಿನ ಕಿಟಕಿಯಿಂದ ಒಂದು ಸಲ ನೋಡಿ "ಹೂಂ, ಚೆನ್ನಾಗಿದೆ" ಎಂದಳು. ಅವರೆ ಬಳ್ಳಿಯ ಮುಂದೆ ಮಾತ್ರ ಅರ್ಧ ಗಂಟೆ ನಿಂತಳು.

ಕಾಯಿ ಕೀಳೋಣವೆಂದು ಚೀಲ ಹಿಡಿದು ನಾವು ಮೂವರೂ ಹೋದ ದಿನ ಅಲ್ಲಿ ತೋಟವೇ ಇರಲಿಲ್ಲ. ಕಾಡುಹಂದಿಗಳು ಗೆಣಸಿಗಾಗಿ ನೆಲವನ್ನೆಲ್ಲ ಉತ್ತುಹಾಕಿದ್ದವು. ಅವರೆ ಚಪ್ಪರ ಮುರಿದು ಬಿದ್ದಿತ್ತು, ಬಲಿತ ಕಾಯಿಗಳು ಕೆಸರಿನಲ್ಲಿ ಹೂತುಹೋಗಿದ್ದವು. ಅಮ್ಮ ಬಗ್ಗಿ ಒಂದು ಕಾಯಿ ಎತ್ತಿಕೊಂಡು, ಸೆರಗಿನಲ್ಲಿ ಒರೆಸಿ ಮೂಸಿದಳು. "ಸೊಗಡು ಬಂದಿತ್ತು ಕಣೇ" ಎಂದಳು. ಯಾರೋ ಹೋಗಿಬಿಟ್ಟಾಗ ಹೇಳುವ ದನಿಯಲ್ಲಿ!

ಮೊರಿ ಸಾನ್ ಸ್ಥಿತಿ ನಮ್ಮದಕ್ಕಿಂತ ಕಷ್ಟ. ಆಕೆಯ ಭತ್ತವನ್ನೂ ಎರಡು ವರ್ಷದಿಂದ ಹಂದಿಗಳು ಉರುಳಾಡಿ ಹಾಳು ಮಾಡಿದ್ದವು. ಈ ಚಳಿಗಾಲದಲ್ಲಿ ಹಂದಿಗಳ ಹಾವಳಿ ತಗ್ಗದಿದ್ದರೆ ಮುಂದಿನ ವರ್ಷ ಗದ್ದೆ ಪಾಳು ಬಿಡುತ್ತೇನೆ ಎಂದು ಆಕೆ ನಗುನಗುತ್ತಲೇ ಹೇಳಿದಳು. ಇಲ್ಲಿಯವರು ಬಹಳ ನೊಂದಾಗಲೂ ನಗುತ್ತಲೇ ಹೇಳುತ್ತಾರೆ, ಅದು ನಮಗೆ ಅರ್ಥವಾಗಲು ವರ್ಷಗಳೇ ಬೇಕು. ಅತ್ತಿಗೆಗೆ ಅಷ್ಟು ಹೊತ್ತಿಗೆ ಅರ್ಥವಾಗಿತ್ತು.

ಹಳ್ಳಿಯಲ್ಲಿ ಬೇಟೆಗಾರರ ಒಂದು ತಂಡವಿದೆ, ಎಲ್ಲರೂ ಎಪ್ಪತ್ತರ ಆಸುಪಾಸಿನ ಯುವಕರು. ಮುಖಂಡರು ಹಯಾಶಿ ಸಾನ್. ಅವರ ಬೇಟೆಯ ರೀತಿ ಸರಳ. ಕೆಲವರು ನಾಯಿಗಳ ಜೊತೆ ಕೆಳಗಿನಿಂದ ಹಂದಿಗಳನ್ನು ಎಬ್ಬಿಸುತ್ತಾರೆ, ಉಳಿದವರು ಬಂದೂಕು ಹಿಡಿದು ಮೇಲೆ ಅಲ್ಲಲ್ಲಿ ಕಾಯುತ್ತಾರೆ. ಗುಡ್ಡದ ನೆತ್ತಿಯಲ್ಲೊಬ್ಬರು ಮರದಂತೆ ಕೂತು, ಹಂದಿ ಯಾವ ಕಡೆ ನುಗ್ಗುತ್ತಿದೆಯೆಂದು ವಾಕಿಟಾಕಿಯಲ್ಲಿ ಪಿಸುಗುಟ್ಟಬೇಕು. ಆ ಜಾಗದಲ್ಲಿ ಕೂರುತ್ತಿದ್ದವರ ಮಂಡಿ ಕೈಕೊಟ್ಟಿತ್ತು. ನೆತ್ತಿ ಖಾಲಿ ಬಿದ್ದದ್ದು ಹಂದಿಗಳಿಗೂ ಗೊತ್ತಾಗಿ, ಎಲ್ಲವೂ ಅಲ್ಲಿಂದಲೇ ತಪ್ಪಿಸಿಕೊಳ್ಳುತ್ತಿದ್ದವು. ನೆತ್ತಿಗೆ ಜನ ಸಿಗದಿದ್ದರೆ ತಂಡವನ್ನೇ ಮುಚ್ಚುವುದು ಎಂದು ಹಯಾಶಿ ಸಾನ್ ಊರಿನ ಸಭೆಯಲ್ಲಿ ಹೇಳಿದರು. ಬಂದೂಕು ಹಿಡಿಯುವವರಿಗೆ ಲೈಸೆನ್ಸ್ ಬೇಕು, ನೋಡುವವರಿಗೆ ಕಣ್ಣಿದ್ದರೆ ಸಾಕು.

ಎಲ್ಲರೂ ನೆಲ ನೋಡುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಬಳೆಗಳ ಸದ್ದಿಗೆ ಎಲ್ಲರೂ ತಿರುಗಿ ನೋಡಿದರು.

ಹಯಾಶಿ ಸಾನ್ ಬೇಡ ಎನ್ನಲಿಲ್ಲ. ಒಂದೇ ಒಂದು ಷರತ್ತು ಹಾಕಿದರು: ಉಣ್ಣೆ ಕೋಟು. ನೆತ್ತಿಯ ಮೇಲೆ ಮಳೆ, ಹಿಮ ಎರಡೂ ಕೂಡಿ ಬೀಳುತ್ತವೆ. ನೈಲಾನ್ ಜಾಕೆಟ್ ಒಂದು ಸಲ ಸರಕ್ ಎಂದರೆ ಹಂದಿ ವಾಪಸ್. ಹಕ್ಕಿಪುಕ್ಕದ ಜಾಕೆಟ್ ನೆನೆದರೆ ಮುದುಡಿ ಹಪ್ಪಳ. ಉಣ್ಣೆ ಮಾತ್ರ ಒದ್ದೆಯಾದರೂ ಬೆಚ್ಚಗಿರುತ್ತದೆ, ಬಾಯಿ ಮುಚ್ಚಿಕೊಂಡಿರುತ್ತದೆ. ಮಾಮೂಲಿ ಉಣ್ಣೆಯೂ ಆಗದು, ಬಿದಿರು ಮೆಳೆಯಲ್ಲಿ ತೂರಿದರೂ ಹರಿಯದಂಥದ್ದು ಬೇಕು. ಅಂಥ ಕೋಟು ತಂದರೆ ನೆತ್ತಿ ನಿಮ್ಮದು, ಇಲ್ಲದಿದ್ದರೆ ಬೇಟೆ ಶುರುವಾಗುವ ಮೊದಲೇ ಮನೆಗೆ ಕಳಿಸುತ್ತೇನೆ ಎಂದರು.

ಮನೆಯಲ್ಲಿ ಅಮ್ಮನ ಕೋರ್ಟು ಕೂತಿತು.

"ಏನಮ್ಮಾ ಇದು, ಬೇಟೆಗೆ ಹೋಗ್ತೀಯಂತೆ?"

"ನಾನು ಕೊಲ್ಲಲ್ಲ ಅತ್ತೆ. ಬಂದೂಕು ಮುಟ್ಟೋದೂ ಇಲ್ಲ. ನೋಡೋದು, ಹೇಳೋದು, ಅಷ್ಟೇ. ಕ್ರಿಕೆಟ್ಟಲ್ಲಿ ಅಂಪೈರ್ ಇರ್ತಾರಲ್ಲ, ಹಾಗೆ."

"ಅಂಪೈರ್ ಬೆರಳೆತ್ತಿದ್ಮೇಲೇ ಅಲ್ವೇನಮ್ಮಾ ಔಟಾಗೋದು?"

ಅತ್ತಿಗೆ ಮೆಲ್ಲಗೆ, "ಅವರೆ, ಅತ್ತೆ" ಎಂದರು. ಅಮ್ಮ ಕಿಟಕಿಯ ಆಚೆ ನೋಡಿದಳು.

"ಕೋಟು ದಪ್ಪಗಿರ್ಲಿ" ಎಂದಳು. ತೀರ್ಪು ಮುಗಿಯಿತು.

ಶುರುವಾಯಿತು ನೋಡಿ, ಕೋಟಿನ ಸ್ವಯಂವರ! ಮೊದಲು ಹೋದದ್ದು ಆಟೋಟದ ಸಾಮಾನಿನ ದೊಡ್ಡ ಅಂಗಡಿಗೆ. ಸಾಲಾಗಿ ನೂರಾರು ಜಾಕೆಟ್ಟುಗಳು. ಅತ್ತಿಗೆ ಒಂದೊಂದರ ತೋಳನ್ನೂ ಕಿವಿಗೆ ಹಿಡಿದು ಉಜ್ಜುತ್ತಾ ಹೋದರು. "ಇದು ಗೊಣಗುತ್ತೆ." "ಇದು ಬಾಯಿಬಡುಕ." "ಇದಂತೂ ಶ್ರುತಿ ಬಿಟ್ಟು ಹಾಡುತ್ತೆ ಕಣೇ!" ಅಂಗಡಿಯ ಹುಡುಗಿ ಓಡಿಬಂದು "ದೈಜೋಬು ದೆಸು ಕಾ?" ಎಂದಳು. ಆರಾಮಾಗಿದ್ದೀರಾ ಎಂದು ಅರ್ಥ, ತಲೆ ಸರಿಯಿದೆಯಾ ಎನ್ನುವುದಕ್ಕೂ ಇಲ್ಲಿ ಅದನ್ನೇ ಬಳಸಬಹುದು. ಅತ್ತಿಗೆ ಒಂದು ತೋಳನ್ನು ಅವಳ ಕಿವಿಗೂ ಹಿಡಿದರು. ನಾವು ಹೊರಡುವಾಗ ಆ ಹುಡುಗಿ ಒಬ್ಬಳೇ ನಿಂತು, ಒಂದೊಂದೇ ಜಾಕೆಟ್ಟಿಗೆ ಕಿವಿ ಕೊಡುತ್ತಿದ್ದಳು.

ಎರಡನೆಯದು ನಾಗೋಯಾದ ಭಾರಿ ಅಂಗಡಿ. ಅಲ್ಲಿ ಕೋಟುಗಳು ಉಣ್ಣೆಯವೇ, ಗೊಂಬೆಗಳ ಮೈಮೇಲೆ ರಾಜಠೀವಿಯಿಂದ ನಿಂತಿದ್ದವು. ಅತ್ತಿಗೆ ಒಂದನ್ನು ಬಿಚ್ಚಿಸಿ ದೀಪಕ್ಕೆ ಅಡ್ಡ ಹಿಡಿದು, ಅದರ ಹಿಂದಿನಿಂದ ಅಂಗಡಿಯವಳನ್ನು ನೋಡಿ, "ನಿಮ್ಮ ಮುಖ ಕಾಣಿಸ್ತಿದೆ" ಎಂದು ಜಪಾನಿಯಲ್ಲಿ ಹೇಳಿದರು. ಆಕೆ ಹೊಗಳಿಕೆ ಎಂದುಕೊಂಡು ಬಗ್ಗಿ ವಂದಿಸಿದಳು. ನೇಯ್ಗೆಯಲ್ಲಿ ಮುಖ ಕಂಡರೆ ಗಾಳಿಯೂ ನುಗ್ಗುತ್ತದೆ, ಆದ್ದರಿಂದ ಅದು ಫೇಲು. ಇನ್ನೊಂದರ ನೇಯ್ಗೆ ಗಟ್ಟಿಯಿತ್ತು, ಆದರೆ ಒಳಗಿನ ಲೈನಿಂಗ್ ಬಟ್ಟೆ ಸರಸರ ಎನ್ನುತ್ತಿತ್ತು. ಮೂರನೆಯದನ್ನು ತೊಟ್ಟು ಅತ್ತಿಗೆ ಅಂಗಡಿಯ ಮಧ್ಯದಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

"ಅತ್ತಿಗೆ, ಏಳಿ! ಎಲ್ರೂ ನೋಡ್ತಿದಾರೆ!"

"ನೋಡ್ಲಿ ಬಿಡೇ. ಒದ್ದೆ ನೆಲದ ಮೇಲೆ ಕೂರೋಳು ನಾನು. ಹಿಂಭಾಗ ಮುಚ್ಚುತ್ತಾ ಇಲ್ವಾ ಗೊತ್ತಾಗ್ಬೇಡ್ವಾ?"

ಮುಚ್ಚಲಿಲ್ಲ. ಅಷ್ಟರಲ್ಲಿ ಅಂಗಡಿಯ ಮೇಲ್ವಿಚಾರಕರೇ ಬಂದು, ಏನೂ ಕೇಳದೆ, ಒಂದು ಕುರ್ಚಿ, ಒಂದು ಲೋಟ ಬಿಸಿನೀರು ತಂದಿಟ್ಟರು. ನಾನು ಕಾರಿಡಾರಿನಲ್ಲಿ ಬೇರೆ ಯಾರದೋ ನಾದಿನಿಯಂತೆ ನಿಂತಿದ್ದೆ.

ಕೊನೆಗೆ ಸ್ವಯಂವರ ಮುಗಿದದ್ದು ಒಕಾಜಾಕಿಯಲ್ಲೇ, ಹಳೆ ಬಟ್ಟೆ ಮಾರುವ ಒಂದು ಸಣ್ಣ ಅಂಗಡಿಯಲ್ಲಿ. ಮೂಲೆಯಲ್ಲಿ ನೇತಾಡುತ್ತಿತ್ತು ಪಾಚಿ ಬಣ್ಣದ ಒಂದು ಕೋಟು. ಯೂರೋಪಿನ ಯಾವುದೋ ಚಳಿದೇಶದ ಕಾಡಿನ ಕಾವಲುಗಾರರದಂತೆ. ಎತ್ತಿಕೊಂಡರೆ ತೋಳು ಜಗ್ಗುವಷ್ಟು ಭಾರ. ದೀಪಕ್ಕೆ ಹಿಡಿದರೆ ಒಂದು ಸೂಜಿಮೊನೆಯಷ್ಟು ಬೆಳಕೂ ಬರಲಿಲ್ಲ. ನೇಯ್ದ ಮೇಲೆ ಬಿಸಿನೀರಿನಲ್ಲಿ ತುಳಿದು ತುಳಿದು ಎಳೆಗಳೆಲ್ಲ ಒಂದಕ್ಕೊಂದು ಕಚ್ಚಿಕೊಂಡ ಬಟ್ಟೆ ಅದು. ಲೈನಿಂಗ್ ಇಲ್ಲ, ಜಿಪ್ ಇಲ್ಲ. ಜೇಬುಗಳ ಮೇಲೆ ನೀರು ಇಳಿಯದಂತೆ ಮುಚ್ಚಳ. ಕಿವಿಯವರೆಗೆ ಏರುವ ಕಾಲರ್. ಅತ್ತಿಗೆ ತೋಳು ಕಿವಿಗೆ ಹಿಡಿದು ಉಜ್ಜಿದರು. ಮತ್ತೆ ಉಜ್ಜಿದರು. ಕಣ್ಣು ತೆರೆದಾಗ ಅವರ ಮುಖ ನೋಡಬೇಕಿತ್ತು!

"ಮೌನ ಕಣೇ" ಎಂದರು. "ಪೂರ್ತಿ ಮೌನ."

ಗುಂಡಿಗಳು ಮಾತ್ರ ಹಿತ್ತಾಳೆಯವು, ಟಿಣ್ ಟಿಣ್ ಎನ್ನುತ್ತಿದ್ದವು. ಅಮ್ಮ ತನ್ನ ಹಳೆಯ ರವಿಕೆಯೊಂದನ್ನು ಕತ್ತರಿಸಿ ಪ್ರತಿ ಗುಂಡಿಗೂ ಬಟ್ಟೆ ಸುತ್ತಿ, ಕಿತ್ತರೂ ಬರದ ಹಾಗೆ ಹೊಲಿದುಕೊಟ್ಟಳು. ಯೂರೋಪಿನ ಕಾವಲುಗಾರನ ಎದೆಯ ಮೇಲೆ ಮೈಸೂರಿನ ರವಿಕೆ!

ಕೊಂಡ ಮೇಲೂ ಪರೀಕ್ಷೆ ಮುಗಿಯಲಿಲ್ಲ. ನೆಂದರೆ ಹೇಗಿರುತ್ತದೆ ನೋಡಬೇಡವೇ? ಸ್ನಾನದ ತೊಟ್ಟಿಗೆ ತಣ್ಣೀರು ತುಂಬಿಸಿ ಕೋಟನ್ನು ಮುಳುಗಿಸಿಟ್ಟರು. ಮನೆಯಲ್ಲಿ ಯಾರಿಗಾದರೂ ಹೇಳಬೇಕಲ್ಲ! ಬೆಳಿಗ್ಗೆ ಸ್ನಾನಕ್ಕೆಂದು ಹೋದ ಅಮ್ಮನಿಗೆ ಕಂಡದ್ದು, ತೊಟ್ಟಿಯಲ್ಲಿ ಎರಡು ತೋಳು ಚಾಚಿ ಬೋರಲಾಗಿ ಬಿದ್ದ ಒಬ್ಬ ದಪ್ಪ ಗಂಡಸು. ಅಮ್ಮ ಕಿರುಚಿದ ಸದ್ದಿಗೆ ಪಕ್ಕದ ಮನೆಯಾಕೆ ಬಿಸ್ಕತ್ತನ್ನೂ ತರದೆ ಓಡಿಬಂದಳು!

ಆಮೇಲೆ ನೀರು ತೊಟ್ಟಿಕ್ಕುವ ಆ ಕೋಟನ್ನೇ ತೊಟ್ಟು ಅತ್ತಿಗೆ ಮಳೆಯಲ್ಲಿ ಬಾಲ್ಕನಿಯ ಸ್ಟೂಲಿನ ಮೇಲೆ ಕೂತರು. ಅಲುಗಬಾರದು, ಮಾತಾಡಬಾರದು, ಅದು ಅಭ್ಯಾಸ. ಅತ್ತಿಗೆ ಮಾತಾಡದೆ ಕೂರುವುದೆಂದರೇನು! ನಿದ್ದೆಯಲ್ಲೂ ತಾಳ ಹಾಕುವ ಹೆಂಗಸು. ತಿಂಡಿ ಆಯಿತು, ಅಮ್ಮನ ಪೂಜೆಯೂ ಆಯಿತು, ಅತ್ತಿಗೆ ಮಾತ್ರ ಕಲ್ಲಿನಂತೆ ಕೂತೇ ಇದ್ದರು. ಅಮ್ಮ ಗಾಬರಿಯಾಗಿ ಅಣ್ಣನ ಕೆಲಸದ ಜಾಗಕ್ಕೇ ಫೋನು ಹಚ್ಚಿದಳು.

"ಲೋ, ನಿನ್ನ ಹೆಂಡ್ತಿ ಬೆಳಿಗ್ಗೆಯಿಂದ ಒಂದು ಮಾತೂ ಆಡಿಲ್ಲ ಕಣೋ. ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಬೇಕಾ?"

"ಹೌದಾ?" ಎಂದನಂತೆ ಅಣ್ಣ. "ಹೇಗೆ ಮಾಡಿದ್ರಿ?"

ಕೋಟನ್ನು ಒಪ್ಪಿಸಲು ಅತ್ತಿಗೆ ಹಳ್ಳಿಗೆ ಹೋದರು. ಹಯಾಶಿ ಸಾನ್ ಬಟ್ಟೆ ಮುಟ್ಟಿ ನೋಡಿದರು, ತಲೆಯಾಡಿಸಿದರು, ಹೊಲಿಗೆ ಜಗ್ಗಿದರು, ತಲೆಯಾಡಿಸಿದರು. ಕೊನೆಗೆ ಕಾಲರಿಗೆ ಮೂಗಿಟ್ಟು ಮೂಸಿ, ನಾಲ್ಕು ಹೆಜ್ಜೆ ಹಿಂದೆ ಸರಿದರು. ಇಂಗು! ಕೋಟು ನೇತುಹಾಕಿದ್ದದ್ದು ಅಡುಗೆಮನೆಯ ಬಾಗಿಲಿಗೆ. ಅಮ್ಮ ಬಂದ ಮೇಲಿನ ಒಗ್ಗರಣೆಗಳೆಲ್ಲ ಆ ಉಣ್ಣೆಯಲ್ಲಿ ಮನೆ ಮಾಡಿಕೊಂಡಿದ್ದವು. ಒದ್ದೆ ಕುರಿಯ ವಾಸನೆ ಪರವಾಗಿಲ್ಲ, ಇದು ಮಾತ್ರ ಗುಡ್ಡದ ಆಚೆಯ ಹಂದಿಗೂ ಹೊಡೆಯುತ್ತದೆ ಎಂದರು.

ಅಂದಿನಿಂದ ಕೋಟಿಗೆ ಮಡಿ ಬಂತು. ಬಾಲ್ಕನಿಯಲ್ಲಿ ಒಂಟಿಯಾಗಿ ಅದರ ವಾಸ. ಅಡುಗೆ ಮಾಡಿದ ಕೈಯಲ್ಲಿ ಯಾರೂ ಮುಟ್ಟುವಂತಿಲ್ಲ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡವರು ಹತ್ತಿರ ಹೋಗುವಂತಿಲ್ಲ. ಊದುಬತ್ತಿ ಹಚ್ಚಿದರೆ ಬಾಲ್ಕನಿಯ ಬಾಗಿಲು ಭದ್ರ. "ನನ್ನ ಮಡೀನೇ ಎಷ್ಟೋ ವಾಸಿಯಾಗಿತ್ತು" ಎಂದು ಅಮ್ಮ ಗೊಣಗಿದಳು. ಗಾಳಿಗೆ, ಮಳೆಗೆ ಬಿದ್ದೂ ಬಿದ್ದೂ ಇಂಗು ಇಳಿಯಿತು, ಕುರಿ ಮಾತ್ರ ಉಳಿಯಿತು. ನೆಂದ ಕೋಟಿನಲ್ಲಿ ಅತ್ತಿಗೆ ಒಮ್ಮೆ ರೈಲು ಹತ್ತಿದಾಗ ಎದುರಿನ ಪುಟ್ಟ ಹುಡುಗಿಯೊಬ್ಬಳು ಗಟ್ಟಿಯಾಗಿ "ಹಿತ್ಸುಜಿ!" ಎಂದಳು. ಕುರಿ! ತಾಯಿ ನಾಚಿಕೆಯಿಂದ ಕುಗ್ಗಿ ಸುಮಿಮಾಸೆನ್ ಸುಮಿಮಾಸೆನ್ ಎಂದು ಬಗ್ಗಿದಳು. ಅತ್ತಿಗೆ ಆ ಮಗುವಿಗೆ "ಸರಿಯಾಗಿ ಹೇಳಿದೆ ಪುಟ್ಟಾ" ಎಂದು ಕನ್ನಡದಲ್ಲೇ ಶಹಬ್ಬಾಸ್ ಕೊಟ್ಟರು.

ಎರಡನೇ ಪರೀಕ್ಷೆಯಲ್ಲಿ ಹಯಾಶಿ ಸಾನ್ ಮೂಸಿ, ಒಂದು ಕಿತ್ತಳೆ ಬಣ್ಣದ ಜಾಕೀಟನ್ನು ಅತ್ತಿಗೆಯ ಕೈಗಿಟ್ಟರು. ಗುಂಡು ತಪ್ಪಿ ಬರದಿರಲೆಂದು ಬೇಟೆಗೆ ಹೋಗುವವರೆಲ್ಲ ಮೇಲೆ ತೊಡುವಂಥದ್ದು. ನೆತ್ತಿ ಸಿಕ್ಕಿತು.

ಮೊದಲ ಬೇಟೆಯ ದಿನ ನಾನೂ ರಜೆ ಹಾಕಿ ಹೋದೆ. ಅಮ್ಮನೂ ಬಂದಳು. ಸೀರೆಯ ಮೇಲೆ ಸ್ವೆಟರ್, ಸ್ವೆಟರಿನ ಮೇಲೆ ಅಣ್ಣನ ಜಾಕೆಟ್ಟು. ಬೆಟ್ಟದ ಬುಡದಲ್ಲಿ ತಂಡದ ಗುಡಿಸಲಿದೆ. ಒಳಗೆ ಸೀಮೆಎಣ್ಣೆ ಒಲೆ, ಮೊರಿ ಸಾನ್, ನಾವಿಬ್ಬರು, ಮೇಜಿನ ಮೇಲೊಂದು ವಾಕಿಟಾಕಿ. ಹೊರಗೆ ನೀರೋ ಹಿಮವೋ ತಿಳಿಯದಂಥದ್ದು ಸುರಿಯುತ್ತಿತ್ತು. ಪಾಚಿ ಕೋಟಿನ ಮೇಲೆ ಕಿತ್ತಳೆ ಜಾಕೀಟು ತೊಟ್ಟು ಅತ್ತಿಗೆ ಏರಿಹೋದದ್ದನ್ನು ನಾವು ಕಿಟಕಿಯಿಂದ ನೋಡಿದೆವು. ಒಂದು ಸಲವೂ ಹಿಂತಿರುಗಿ ನೋಡಲಿಲ್ಲ ಮಹಾರಾಯಿತಿ!

ಮೇಲೆ ಕಾಯುವವರು ಮಾತಾಡುವಂತಿಲ್ಲ. ಹಯಾಶಿ ಸಾನ್ ಆಗಾಗ ಒಬ್ಬೊಬ್ಬರ ಜಾಗದ ಹೆಸರು ಕೂಗುತ್ತಾರೆ, ಅವರು ವಾಕಿಟಾಕಿಯ ಗುಂಡಿಯನ್ನು ಎರಡು ಸಲ ಒತ್ತಿದರೆ ಇದ್ದೇನೆ ಎಂದರ್ಥ. "ನೆತ್ತಿ?" ಎನ್ನುವರು ಹಯಾಶಿ ಸಾನ್. ಟಿಕ್ ಟಿಕ್. "ಇದ್ದಾಳೆ" ಎನ್ನುವಳು ಅಮ್ಮ. ಮತ್ತೆ ಬಹಳ ಹೊತ್ತಿನ ಮೇಲೆ, "ನೆತ್ತಿ?" ಟಿಕ್ ಟಿಕ್. "ಇದ್ದಾಳೆ." ಮೊರಿ ಸಾನ್ ಕೊಟ್ಟ ಹಸಿರು ಟೀ ಮೂರು ಸಲ ಆರಿತು. ನಾಯಿಗಳ ಬೊಗಳು ಹತ್ತಿರವಾಯಿತು, ದೂರವಾಯಿತು. ನನಗೆ ಒಲೆಯ ಪಕ್ಕದಲ್ಲೇ ಕಾಲು ಮರಗಟ್ಟುತ್ತಿತ್ತು.

"ನೆತ್ತಿ?"

ಏನೂ ಇಲ್ಲ.

"ನೆತ್ತಿ?"

ಅಮ್ಮ ಎದ್ದು ನಿಂತಳು. "ಏನಾಯ್ತೇ? ಯಾಕೆ ಒತ್ತಲಿಲ್ಲ?" ಆ ಚಳಿಯಲ್ಲಿ, ಆ ಜಾರುವ ಬಂಡೆಗಳ ಮೇಲೆ, ಮೈಸೂರಿನ ಸಂಗೀತದ ಮೇಷ್ಟ್ರಮ್ಮನನ್ನು ಒಂಟಿಯಾಗಿ ಬಿಟ್ಟು ಬಂದೆವಲ್ಲ! ಮೊರಿ ಸಾನ್ ನಗಲಿಲ್ಲ. ಅದನ್ನು ನೋಡಿ ನನಗೆ ಇನ್ನೂ ಭಯವಾಯಿತು.

ಆಗ ವಾಕಿಟಾಕಿಯಲ್ಲಿ ಉಸಿರಿನಷ್ಟು ಮೆಲ್ಲಗೆ ಒಂದು ದನಿ.

"ಬಂತು. ಬಂತು. ಬಲಗಡೆ ಸಂದೀಲಿ... ಅಯ್ಯೋ, ಎಷ್ಟು ದೊಡ್ಡದು! ಬಂತು!"

ಕನ್ನಡ! ಹಂದಿ ಮಾರು ದೂರದಲ್ಲಿ ನಿಂತಾಗ ಗುಂಡಿ ಒತ್ತಿದ ಸದ್ದನ್ನೂ ಮಾಡಬಾರದೆಂದು ಉಸಿರು ಬಿಗಿಹಿಡಿದಿದ್ದರಂತೆ. ಅದು ಆಚೆ ತಿರುಗಿದೊಡನೆ, ಅಷ್ಟು ದಿನ ಬಾಯಿಪಾಠ ಮಾಡಿದ ಜಪಾನಿಯೆಲ್ಲ ಹಾರಿಹೋಗಿ ಕನ್ನಡವೊಂದೇ ಉಳಿದಿತ್ತು. ಇಡೀ ಬೆಟ್ಟದಲ್ಲಿ ಅದು ಅರ್ಥವಾದದ್ದು ಗುಡಿಸಲಿನಲ್ಲಿದ್ದ ನಮ್ಮಿಬ್ಬರಿಗೆ ಮಾತ್ರ. ನಾನು ಕೈ ಚಾಚುವಷ್ಟರಲ್ಲಿ ಅಮ್ಮ ವಾಕಿಟಾಕಿ ಕಸಿದುಕೊಂಡು, ಗುಂಡಿ ಒತ್ತಿ, ಅಂಪೈರ್ ಬೆರಳಿನ ಪ್ರಶ್ನೆ ಕೇಳಿದ ಅದೇ ಅಮ್ಮ, "ಬಂತಂತೆ! ಬಲಗಡೇಲಿ ಬಂತಂತೆ! ಹೊಡೀರಿ!" ಎಂದು ಕೂಗಿದಳು. ಅವಳ ಕೈಯಿಂದ ಕಿತ್ತುಕೊಂಡು ನಾನು ಜಪಾನಿಯಲ್ಲಿ ಹೇಳಿದೆ. ಆಫೀಸಿನಲ್ಲಿ ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ನನ್ನ ನಾಲಿಗೆ ವಿನಯಕ್ಕೇ ಒಗ್ಗಿದೆ. ಆ ಗಡಿಬಿಡಿಯಲ್ಲಿ ನಾನು ಹೇಳಿದ್ದು ಹೆಚ್ಚುಕಡಿಮೆ, "ಮಾನ್ಯ ಹಂದಿಯವರು ನೆತ್ತಿಯ ಬಲಗಡೆ ದಯಮಾಡಿಸಿದ್ದಾರೆ" ಎಂದು!

ಎರಡು ಗುಂಡಿನ ಸದ್ದು ಕೇಳಿತು. ಆಮೇಲೆ ಹಯಾಶಿ ಸಾನ್ ದನಿ, ನಗುತ್ತಾ, "ಬಂತು!" ಈಗ ಆ ತಂಡದಲ್ಲಿ ಹಂದಿ ಕಂಡಾಗ ಯಾರೂ ಜಪಾನಿಯಲ್ಲಿ ಹೇಳುವುದಿಲ್ಲ. ಆ ಬೆಟ್ಟದ ಮುದುಕರೆಲ್ಲ ವಾಕಿಟಾಕಿಯಲ್ಲಿ "ಬಂತು" ಎನ್ನುತ್ತಾರೆ. ನೀವು ನಂಬದಿದ್ದರೆ ನನಗೇನೂ ನಷ್ಟವಿಲ್ಲ.

ಅತ್ತಿಗೆ ಇಳಿದು ಬಂದಾಗ ತುಟಿ ನೀಲಿಗಟ್ಟಿತ್ತು, ಹೆಗಲ ಮೇಲೆ ಹಿಮ ಗರಿಗಟ್ಟಿತ್ತು. ನೀರು ಕುಡಿದ ಕೋಟು ತನ್ನಷ್ಟಕ್ಕೇ ನಿಲ್ಲುವಷ್ಟು ಭಾರವಾಗಿತ್ತು. ಅಮ್ಮ ರವಿಕೆ ಸುತ್ತಿದ ಗುಂಡಿಗಳನ್ನು ತಾನೇ ಬಿಚ್ಚಿ ಒಳಗೆ ಕೈಯಿಟ್ಟು, "ಒಳಗೆ ಬೆಚ್ಚಗಿದಾಳೆ ಕಣೇ!" ಎಂದು ಅತ್ತುಬಿಟ್ಟಳು. ನನಗೆ ಅತ್ತಿಗೆಯನ್ನು ಹೆಗಲ ಮೇಲೆ ಕೂರಿಸಿಕೊಂಡು ಒಕಾಜಾಕಿಯ ತುಂಬ ಮೆರವಣಿಗೆ ಮಾಡಬೇಕೆನಿಸಿತು. ನಮ್ಮ ಅತ್ತಿಗೆ! ನಮ್ಮ ಮನೆಯವರು!

ಅದರ ನಂತರ ಗುಡಿಸಲಿನ ಪಕ್ಕದ ಷೆಡ್ಡಿನಲ್ಲಿ ಏನು ನಡೆಯಿತೆಂದು ನಾನು ನೋಡಲಿಲ್ಲ, ಹೇಳುವುದೂ ಇಲ್ಲ. ಮುಗಿದ ಮೇಲೆ ಎಲ್ಲರನ್ನೂ ಕರೆದರು. ನೆಲದ ಮೇಲೆ ನೀಲಿ ಹಾಳೆ ಹಾಸಿ, ಅದರ ಮೇಲೆ ಪಾಲುಗಳನ್ನು ಸಾಲಾಗಿ ಇಟ್ಟಿದ್ದರು. ಅಲ್ಲಿಯ ಪದ್ಧತಿ ಅದು. ಗುಂಡು ಹೊಡೆದವನಿಗೂ, ನಾಯಿ ಓಡಿಸಿದವನಿಗೂ, ಏನೂ ಕಾಣದೆ ಬರೀ ಕಾದು ಕೂತವನಿಗೂ ಒಂದೇ ತೂಕದ ಪಾಲು. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಬೇಡ ಅಂದ್ರೆ ಅವ್ರಿಗೆ ಬೇಜಾರು, ತಗೊಂಡ್ರೆ ಅತ್ತೆಗೆ ಬೇಜಾರು. ಏನೇ ಮಾಡ್ಲಿ?" ಎಂದು ಅತ್ತಿಗೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಪಾಲು ಹಂಚಿ ಮುಗಿಯಿತು. ಸಾಲಿನ ಕೊನೆಯಲ್ಲಿ ಒಂದು ಜಾಗ ಖಾಲಿ ಇತ್ತು. ಮೊರಿ ಸಾನ್ ಒಂದು ಬುಟ್ಟಿ ಹೊತ್ತು ತಂದಳು. ಮಣ್ಣು ತೊಳೆದ ಕೆಸುವಿನ ಗಡ್ಡೆ, ಮೂಲಂಗಿ, ಒಂದು ಎಲೆಕೋಸು. ಹಯಾಶಿ ಸಾನ್ ತಕ್ಕಡಿಯನ್ನು ಒರೆಸಿ ಒಣಗಿಸಿ, ಹೊಸ ಹಾಳೆ ಹಾಸಿ, ಅವನ್ನು ತೂಗತೊಡಗಿದರು. ಒಂದು ಗಡ್ಡೆ ಹೆಚ್ಚಾಯಿತೆಂದು ತೆಗೆದರು. ಮುಳ್ಳು ಕೆಳಗಿಳಿಯಿತೆಂದು ಚಿಕ್ಕದೊಂದನ್ನು ಹುಡುಕಿ ಹಾಕಿದರು. ಆ ಮುದುಕರೆಲ್ಲ ಬಗ್ಗಿ, ಉಸಿರು ಬಿಗಿಹಿಡಿದು ಮುಳ್ಳನ್ನೇ ನೋಡುತ್ತಿದ್ದರು. ಮಿಕ್ಕವರ ಪಾಲಿಗೆ ಸರಿಸಮನಾಗಿ ನಿಂತ ಮೇಲೆ ಹಯಾಶಿ ಸಾನ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿಗೆಯ ಮುಂದೆ ಬಗ್ಗಿದರು.

"ನೆತ್ತಿಯವರ ಪಾಲು" ಎಂದರು. ಬರುವ ವಸಂತಕ್ಕೆ ಗದ್ದೆಗೆ ನೀರು ಬಿಡುತ್ತೇನೆ ಎಂದು ಹಿಂದಿನಿಂದ ಮೊರಿ ಸಾನ್ ಹೇಳಿದಳು. ಈ ಸಲ ನಿಜವಾಗಿಯೂ ನಗುತ್ತಿದ್ದಳು.

ಅತ್ತಿಗೆ ಗಡ್ಡೆಗಳನ್ನು ಎದೆಗವಚಿಕೊಂಡು ಚಿಕ್ಕ ಮಗುವಿನಂತೆ ಅತ್ತರು.

ಮನೆಗೆ ಬರುವ ಬಸ್ಸಿನಲ್ಲಿ ಅಮ್ಮ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಏನೋ ಯೋಚಿಸುತ್ತಾ ಕೂತಿದ್ದಳು. ನಮ್ಮ ಮನೆಯಲ್ಲಿ ಯಾರೂ ಅತ್ತಿಗೆಗೆ ಕೆಟ್ಟ ಮಾತಾಡಿದವರಲ್ಲ. ಆದರೆ ಮದುವೆಯಾಗಿ ಬಂದಂದಿನಿಂದ ಅವರು ಎಲ್ಲರಿಗೂ ಬಡಿಸಿ, ಎಲ್ಲರೂ ಎದ್ದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಂಡವರು. ಅಮ್ಮನೂ ಹಾಗೇ ಉಂಡವಳು, ಅಮ್ಮನ ಅತ್ತೆಯೂ ಹಾಗೇ. ಅದನ್ನು ಪಾಲು ಎಂದು ಯಾರೂ ಕರೆದಿರಲಿಲ್ಲ. ಯಾರೂ ತೂಗಿಯೂ ನೋಡಿರಲಿಲ್ಲ.

ಮನೆಗೆ ಬಂದವಳೇ ಅಮ್ಮ ಕೆಸುವಿನ ಗಡ್ಡೆಯ ಹುಳಿ ಮಾಡಿದಳು. ಮೇಜಿನ ಮೇಲೆ ಒಂದೇ ಒಂದು ತಟ್ಟೆ ಇಟ್ಟಳು. ಅಣ್ಣ ಕೂರಲು ಬಂದವನನ್ನು ಕಣ್ಣಲ್ಲೇ ತಡೆದಳು.

"ಕೂತ್ಕೋಮ್ಮಾ."

"ನೀವೆಲ್ಲ ಮೊದ್ಲು ಅತ್ತೆ, ನಾನು ಆಮೇಲೆ..."

"ಬೆಳಿಗ್ಗೆಯಿಂದ ಗುಡ್ಡದ ಮೇಲೆ ನಾವಾ ಕೂತಿದ್ದು? ಕೂತ್ಕೋ."

ಅತ್ತಿಗೆ ಕೂತರು. ನಾವು ಮೂವರು ನಿಂತಿರುವಾಗ ತುತ್ತೆತ್ತುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ಅಮ್ಮ ಬಿಸಿ ಅನ್ನದ ಮೇಲೆ ಹುಳಿ ಸುರಿದಳು, ತುಪ್ಪ ಹಾಕಿದಳು, ಇನ್ನೂ ಆರದ ಆ ಒದ್ದೆ ತಲೆಯ ಮೇಲೆ ಎಡಗೈ ಇಟ್ಟಳು.

"ಸಾಲ್ದಿದ್ರೆ ಕೇಳು. ನಮಗೆ ಅಂತ ಉಳಿಸ್ಬೇಡ."